ಅರವತ್ತು ರೂಪಾಯಿಯ ಹಲ್ಲು

ಮೊದಲು ಫ್ಯಾನು ನಿಲ್ಲಿಸಿದೆ.
ಸಾಸಿವೆಗಿಂತ ಸಣ್ಣ ಸ್ಕ್ರೂ ಹಾರಿಹೋದರೆ
ಇಡೀ ತೊಕ್ಕೊಟ್ಟಿನಲ್ಲಿ ಹುಡುಕಿ ಕೊಡುವವರು ಯಾರೂ ಇಲ್ಲ.
ಬೀಡಿಯ ತಡ್ಪೆಯನ್ನು ಕವುಚಿ ಬಡಿದು
ಹೊಗೆಸೊಪ್ಪಿನ ಹುಡಿ ಪೂರಾ ಉದುರಿಸಿ
ಒಗೆದ ಬಿಳಿ ಬೈರಾಸು ಹಾಸಿದೆ.
ನಡುವೆ ನನ್ನ ವಾಚು, ಬೋರಲು.

ಹದಿನೆಂಟು ವರ್ಷದ ಹಿಂದಿನ ಬೋನಸ್ಸು ಅದು.
ಬಳೆ ಮಾಡಿಸು ಎಂದಿದ್ದರು ಅತ್ತೆ.
ಬಳೆ ಗಂಟೆ ಹೇಳುತ್ತದಾ ಎಂದಿದ್ದೆ ನಾನು.
ಬ್ರಾಂಚಿನ ಲೋಕಯ್ಯಣ್ಣ ಹತ್ತೂವರೆಗೆ ಬಾಗಿಲು ಹಾಕಿದರೆ ಹಾಕಿದ್ದೇ,
ತಲೆಯ ಮೇಲಿನ ಬೀಡಿ ತಲೆಯ ಮೇಲೆಯೇ ವಾಪಸ್.
ಅಂದಿನಿಂದ ದಿನಾ, ಚಹಾ ಕುದಿಯುವ ಹೊತ್ತಿಗೆ,
ಹೆಬ್ಬೆರಳು ತೋರುಬೆರಳಿನ ನಡುವೆ ಇಪ್ಪತ್ತೆರಡು ತಿರುವು.

ಈಗ ತಿರುವಿದರೆ ಜಾರುತ್ತದೆ.
ಗುಂಡಿಯ ಸುತ್ತಲಿನ ಹಲ್ಲೆಲ್ಲ ಸವೆದು
ಹುಣಸೆಬೀಜದ ಹಾಗೆ ನುಣ್ಣಗೆ.

ಹಂಪನಕಟ್ಟೆಯ ವಾಚಿನಂಗಡಿಯ ಪಿಂಟೋರವರು
ಕಣ್ಣಿನ ಗಾಜು ತೆಗೆಯದೆಯೇ ಹೇಳಿದರು:
ಇದರ ಸಾಮಾನು ಬರುವುದು ನಿಂತಿತು ಅಕ್ಕಾ.
ಆಮೇಲೆ ಎಂತ ಅನಿಸಿತೋ,
ಪೆಪ್ಪರಮಿಂಟಿನ ಹಳೇ ಡಬ್ಬಿ ಅಲ್ಲಾಡಿಸಿ
ಒಂದು ಗುಂಡಿ, ಒಂದು ಕಡ್ಡಿ ಹೆಕ್ಕಿ ಕೊಟ್ಟರು. ಅರವತ್ತು.
ಹಾಕಿಕೊಡಲು ಮುನ್ನೂರು.
ಮುನ್ನೂರೆಂದರೆ ಸಾವಿರ ಬೀಡಿ, ಒಂದು ಬೆನ್ನುನೋವು.
ಕಡ್ಡಿ ಉದ್ದ ಉಂಟು, ಅಳತೆ ನೋಡಿ ಕತ್ತರಿಸಬೇಕು,
ಒಂದು ಕೂದಲು ಹೆಚ್ಚು ಹೋದರೆ ಮುಗೀತು, ಎಂದರು.
ನಾನು ನಕ್ಕುಬಿಟ್ಟೆ.
ಅಳತೆಗೆ ಕತ್ತರಿಸುವುದನ್ನು ನನಗೆ ಹೇಳುವುದಾ!

ಎಲೆಯ ಕತ್ತರಿಯ ತುದಿಗೆ ಬೆನ್ನಿನ ಮುಚ್ಚಳ ಟಪ್ಪೆಂದಿತು.
ಒಳಗೆ, ಕಡ್ಡಿಯ ಬುಡದಲ್ಲಿ, ಕಂದು ಹುಡಿ.
ಹೊಗೆಸೊಪ್ಪು.
ನನ್ನ ಜೊತೆ ಕೂತು ಕೂತು
ಇದಕ್ಕೂ ಉಬ್ಬಸ.

ಒಳಗಿನ ಸ್ಕ್ರೂ ಒಂದೂವರೆ ಸುತ್ತು ಮಾತ್ರ ಸಡಿಲಿಸಬೇಕು,
ಜಾಸ್ತಿಯಾದರೆ ಕೊಕ್ಕೆ ಕಳಚಿ ಬೀಳುತ್ತದೆ.
ಬೀಡಿಯ ತಲೆ ಮಡಚುವ ತಂತಿಯನ್ನೇ
ಅರದಲ್ಲಿ ತಿಕ್ಕಿ ಚಪ್ಪಟೆ ಮಾಡಿಟ್ಟಿದ್ದೆ.
ಉಸಿರು ಹಿಡಿದು
ಒಂದು.
ಅರ್ಧ.
ಹಳೆಯ ಗುಂಡಿ ತಾನಾಗಿ ಕೈಗೆ ಬಂತು,
ಮಗಳ ಹಾಲುಹಲ್ಲು ಬಂದ ಹಾಗೆ.

ಹೊಸ ಕಡ್ಡಿಗೆ ಅರ ಎರಡೆಳೆ. ಹಾಕಿ ನೋಡಿದೆ, ಉದ್ದ.
ಮತ್ತೆರಡು. ಇನ್ನೂ ಉದ್ದ.
ಬೇಲಿಯಾಚೆಯಿಂದ ಬೀಫಾತಿಮ್ಮ,
ಎಂತ ಮಾರಾಯ್ತಿ, ಇವತ್ತು ಬೀಡಿ ಇಲ್ಲವಾ?
ಉತ್ತರ ಕೊಡಲಿಲ್ಲ. ಬಾಯಲ್ಲಿ ಸ್ಕ್ರೂ ಇರಲಿಲ್ಲ, ಆದರೂ.
ಕಾಸರಗೋಡಿನ ಕಡೆಗೆ ರೈಲು ಹೋಯಿತು, ತಡ್ಪೆ ನಡುಗಿತು,
ಎರಡೂ ಅಂಗೈ ಅಡ್ಡವಿಟ್ಟು ಕಾದೆ.
ಮತ್ತೊಂದೇ ಎಳೆ.
ಕೂತಿತು.

ಹಳೆಯದನ್ನು ಬಿಸಾಡುವ ಮೊದಲು
ಹೆಬ್ಬೆರಳ ಮೇಲಿಟ್ಟು ನೋಡಿದೆ. ಎರಡಕ್ಕೂ ಒಂದೇ ಹೊಳಪು.
ಹೋದ ತಿಂಗಳು ರೇಷನ್ ಅಂಗಡಿಯ ಮಿಷನ್ನಿಗೆ
ಈ ಬೆರಳು ಗೊತ್ತಾಗಲೇ ಇಲ್ಲ.
ಒರೆಸಿ ಇಡಿ ಅಂದ. ತೊಳೆದು ಇಡಿ ಅಂದ. ಬೇರೆ ಬೆರಳು ಅಂದ.
ಹತ್ತೂ ಇಟ್ಟೆ. ಹಿಂದಿನವರು ಚೀಲ ಕೈಬದಲಿಸಿಕೊಂಡರು.
ಕೊನೆಗೆ ಮಗಳ ಮೊಬೈಲಿಗೆ ನಂಬರು ಬಂದು
ಅಕ್ಕಿ ಸಿಕ್ಕಿತು.
ನಾನು ಸಿಗಲಿಲ್ಲ.

ಗೆರೆಗಳನ್ನು ತಿಂದದ್ದು ಎಲೆಯೋ, ಈ ಗುಂಡಿಯೋ,
ಗುಂಡಿಯ ಹಲ್ಲನ್ನು ತಿಂದದ್ದು ನಾನೋ,
ಲೋಕಯ್ಯಣ್ಣನ ಪುಸ್ತಕದಲ್ಲಿ ಈ ಲೆಕ್ಕ ಇಲ್ಲ.

ಮುಚ್ಚಳ ಒತ್ತಿದೆ. ಕೀ ಕೊಟ್ಟೆ.
ಹೊಸ ಹಲ್ಲು ಕಚ್ಚಿತು, ಕರಕರ, ಇಪ್ಪತ್ತೆರಡು.
ಬೆರಳು ತಿರುಗಿಸಿ ನೋಡಿದರೆ ನುಣ್ಣಗಿದ್ದಲ್ಲಿ
ಸಣ್ಣ ಸಣ್ಣ ಗೆರೆ, ಸಾಲಾಗಿ, ಕೆಂಪಗೆ!
ಅಳಿಯುವ ಮೊದಲು ರೇಷನ್ ಅಂಗಡಿಗೆ ಓಡಲಾ ಎಂದು
ಒಬ್ಬಳೇ ನಕ್ಕೆ. ನಗು ಕೆಮ್ಮಾಯಿತು.

ಮುಳ್ಳು ಓಡುತ್ತಿತ್ತು, ಎಲ್ಲಿಂದಲೋ ಎಲ್ಲಿಗೋ.
ಬೇಲಿಯ ಹತ್ತಿರ ಹೋಗಿ ಕೂಗಿದೆ,
ಬೀಫಾತಿಮ್ಮಾ, ಗಂಟೆ ಎಷ್ಟಾಯಿತು?