ಕರೆಂಟ್ ಬಿಲ್ಲಿನ ಬೆನ್ನ ಮೇಲೆ

ಮಂಡ್ಯದ ಸಬ್‌ಸ್ಟೇಷನ್ನಿನಲ್ಲಿ ರಾತ್ರಿ ಪಾಳಿ.
ಯಾರದೋ ಬಾಕಿ ಬಿಲ್ಲಿನ ಬೆನ್ನ ಮೇಲೆ
ಬರೀತಾ, ಹೊಡೆದು ಹಾಕ್ತಾ ಕೂತಿದ್ದೆ:
ಪ್ರೊಸೆಸರ್ರು, ಬೋರ್ಡು,
ರ‍್ಯಾಮು ಹದಿನಾರೋ ಮೂವತ್ತೆರಡೋ,
ಗ್ರಾಫಿಕ್ಸ್ ಕಾರ್ಡಿನ ಮುಂದೆ ಒಂದು ಮೊತ್ತ,
ಮೊತ್ತದ ಕೆಳಗೆ ಎರಡು ಗೆರೆ.
ಬೆಳಿಗ್ಗೆ ನೋಡಿದರೆ ಗೆರೆಯ ಕೆಳಗೆ
ಜಯಶೀಲಳ ಸೀಸದಕಡ್ಡಿ:
ಫ್ರಿಜ್ಜು?

ಎಲ್ಲರೂ ದುಡ್ಡು ಸುರಿಯೋದು ಕಾರ್ಡಿಗೇ.
ಕರೆಂಟು ಕೊಡೋ ಡಬ್ಬಿಗೆ ಮಾತ್ರ
ಜೇಬಿನ ಮೂಲೆಯ ಚಿಲ್ಲರೆ.
ಚಪ್ಪರಕ್ಕೆ ಗಾಡಿಗಟ್ಟಲೆ ಹೂವು,
ಗೂಟಕ್ಕೆ ಬೇಲಿಯ ಕಡ್ಡಿ.
ಹದಿನಾಲ್ಕು ವರ್ಷ ಕಂಬ ಹತ್ತಿದೋನು ನಾನು,
ನನಗೆ ಹೇಳಬೇಡಿ.
ಡಬ್ಬಿಯ ಮೇಲೆ ಆರುನೂರೈವತ್ತು ವ್ಯಾಟು ಅಂತ
ಅಚ್ಚು ಹಾಕಿದರೆ ಸಾಲದು;
ಏಪ್ರಿಲ್ಲಿನ ಸಂಜೆ ಏಳಕ್ಕೆ
ಊರಿಗೂರೇ ಫ್ಯಾನು ಹಾಕ್ಕೊಂಡು
ವೋಲ್ಟೇಜು ನೂರಾ ಎಪ್ಪತ್ತಕ್ಕೆ ಕುಂಟಿದಾಗ
ಅದು ಎದೆ ಹಿಡ್ಕೊಂಡು ಕೂತುಬಿಡಬಾರದು.

ಬೆಳಗಿನ ಪ್ಯಾಸೆಂಜರ್ ಹಿಡಿದು ಮೈಸೂರು.
ಅರಸು ರಸ್ತೆಯ ಪಕ್ಕದ ಸಂದು,
ಕೆಳಗೆ ಚಪ್ಪಲಿ ಅಂಗಡಿ, ಮೇಲೆ ಇಲಿಯಾಸ್.
‘ಅಣ್ಣಾ, ಈ ಕೇಸು ತಗೊಳಿ,
ಫ್ಯಾನೆಲ್ಲ ಬಣ್ಣ ಬಣ್ಣ, ರೂಮಲ್ಲೇ ದಸರಾ.’
ಬೇಡಪ್ಪ.
ದಸರಾನ ನಾನು ಏಣಿಯ ಮೇಲಿಂದ ನೋಡಿದೋನು,
ಬಾಯಲ್ಲಿ ಟೇಪು ಕಚ್ಚಿಕೊಂಡು.
ಕಪ್ಪು ಡಬ್ಬಿ ಕೊಡು, ಗಾಳಿ ಆಡಿದರೆ ಸಾಕು.

ಆಮೇಲೆ ಬೀರುವಿನ ಕೆಳಗಿಂದ
ಒಂದು ಹಳೇ ಕಾರ್ಡು ತೆಗೆದ.
ಅರ್ಧ ಬೆಲೆ. ಯಾರೋ ಹಗಲೂ ರಾತ್ರಿ
ನಾಣ್ಯ ಅಗೆಯೋಕೆ ಹೂಡಿದ್ದರಂತೆ.
ಮೂಗಿನ ಹತ್ತಿರ ಹಿಡಿದೆ.
ಸುಟ್ಟ ವಾರ್ನಿಶ್ಶು:
ನಮ್ಮ ಟ್ರಾನ್ಸ್‌ಫಾರ್ಮರು ಸಾಯೋ ಹಿಂದಿನ ದಿನ
ಬಿಡುತ್ತಲ್ಲ, ಅದೇ ಉಸಿರು.
ಹಾಗೇ ಕೆಳಗಿಟ್ಟೆ.

‘ಕೀಬೋರ್ಡು ಕೈಯಿಟ್ಟು ನೋಡಿ ಅಣ್ಣಾ.’
ಎಡಗೈ ಇಟ್ಟೆ.
ಲೈನ್ ಕ್ಲಿಯರ್ ಅಂದಿದ್ದರು ಅವತ್ತು.
ಕ್ಲಿಯರ್ ಆಗಿರಲಿಲ್ಲ.
ಉಂಗುರದ ಬೆರಳು, ಅದರ ಪಕ್ಕದ ಕಿರಿಯದು
ಕೆ.ಆರ್. ಆಸ್ಪತ್ರೆಯಲ್ಲೇ ಉಳಿದವು;
ನನ್ನನ್ನು ಕಂಬದಿಂದ ಇಳಿಸಿ
ಮೀಟರಿನ ಮುಂದೆ ಕೂರಿಸಿದರು.
ಆಟದಲ್ಲಿ ಎಡಕ್ಕೆ ನಡೆಸೋ ಕೀಲಿ
ಉಂಗುರದ ಬೆರಳಿನದು.
ಮೂರು ವರ್ಷದಿಂದ ನನ್ನ ಸಿಪಾಯಿ
ಎಡಕ್ಕೆ ಸರಿದವನಲ್ಲ.
ಗುಂಡು ಬಂದರೆ ಬಲಕ್ಕೆ,
ಬಲಕ್ಕೆ ಗೋಡೆಯಿದ್ದರೆ ಸಾವು.

ಇಲಿಯಾಸ್ ಏನೂ ಕೇಳಲಿಲ್ಲ.
ಒಳಗೆ ಹೋದವನು ಬಹಳ ಹೊತ್ತು ಬರಲಿಲ್ಲ.
ತಂದದ್ದು ಧೂಳು ಹಿಡಿದ ಒಂದು ಮೌಸು,
ಹೆಬ್ಬೆರಳಿನ ಕಡೆ
ಮೆಕ್ಕೆಜೋಳದ ಕಾಳಿನ ಹಾಗೆ ಹನ್ನೆರಡು ಗುಂಡಿ.
‘ಎಡಕ್ಕೆ ಹೋಗೋದನ್ನ ಇಲ್ಲಿಗೆ ಹಾಕ್ಕೊಡ್ತೀನಿ.’
ಬೆಲೆ ನಾಲ್ಕು ಸಾವಿರದ ನೂರು.
ಲೆಕ್ಕದಲ್ಲಿ ಇರಲಿಲ್ಲ.
ಬಿಲ್ಲು ಬಿಚ್ಚಿ, ಎರಡು ಗೆರೆ ಎಳೆದಿದ್ದ ಕಾರ್ಡನ್ನು
ಒಂದು ಮೆಟ್ಟಿಲು ಇಳಿಸಿದೆ.
ಡಬ್ಬಿಯನ್ನು ಮುಟ್ಟಲಿಲ್ಲ.

ಮನೆಯಲ್ಲಿ ಮೊದಲ ಕೆಲಸ ಹಿತ್ತಲಿನ ಅರ್ತಿಂಗ್ ಗುಂಡಿ:
ಉಪ್ಪು, ಇದ್ದಿಲು, ಎರಡು ಬಿಂದಿಗೆ ನೀರು.
ಜಯಶೀಲ ಬಾಗಿಲಲ್ಲಿ ನಿಂತು
‘ಏನು, ಗಿಡ ನೆಡ್ತಾ ಇದೀರಾ?’ ಅಂದಳು.
ಒಂದೊಂದು ತಿರುಪು ಬಿಗಿದು ಸ್ವಿಚ್ಚು ಒತ್ತಿದೆ.
ಫ್ಯಾನು ತಿರುಗಿತು. ಪರದೆ ಕಪ್ಪು.
ಬಿಚ್ಚಿದೆ, ಜೋಡಿಸಿದೆ, ಬೆವೆತೆ.
ಫೋನಿನಲ್ಲಿ ಇಲಿಯಾಸ್ ಮೆಲ್ಲಗೆ:
‘ಅಣ್ಣಾ, ಮಾನಿಟರಿನ ವೈರು
ಕಾರ್ಡಿಗೆ ಹಾಕಿದೀರೋ, ಬೋರ್ಡಿಗೋ?’
ಬೋರ್ಡಿಗೆ.
ಅರ್ಧ ತಾಲ್ಲೂಕಿಗೆ ವೈರು ಎಳೆದ ಮನುಷ್ಯ, ಬೋರ್ಡಿಗೆ.

ರಾತ್ರಿ ಹನ್ನೊಂದಕ್ಕೆ ಹೆಬ್ಬೆರಳು ಒತ್ತಿದೆ.
ಸಿಪಾಯಿ ಎಡಕ್ಕೆ ಸರಿದ.
ಅಲ್ಲೊಂದು ಗೋಡೆ ಇತ್ತು.
ಬೆರಳು ಎತ್ತಲು ಮನಸ್ಸಾಗದೆ
ಗೋಡೆಗೆ ಭುಜ ಗುದ್ದುತ್ತಾ
ಬಹಳ ಹೊತ್ತು ನಡೆಸಿದೆ ಅವನನ್ನು,
ಅಡುಗೆಮನೆಯಿಂದ ಫ್ರಿಜ್ಜಿನ ಮಾತು
ಮತ್ತೆ ಶುರುವಾಗುವವರೆಗೆ.