ಗುಂಡು, ಗುಂಡಿ

ಸದ್ದು ಕೇಳಿಸಿದ ಕೂಡಲೇ ಗುಂಡಿ ಒತ್ತಿ, ಸರ್,
ಎಷ್ಟೇ ಸಣ್ಣದಿರಲಿ, ಅನುಮಾನವಿದ್ದರೂ ಒತ್ತಿ,
ಎಂದು ಜೋರಾಗಿ ಹೇಳಿ, ಹೆಡ್‌ಫೋನ್ ತೊಡಿಸಿ,
ಹುಡುಗಿ ದಪ್ಪ ಬಾಗಿಲು ಎಳೆದುಕೊಂಡಳು.
ಮಲ್ಲೇಶ್ವರದ ಎರಡನೇ ಮಹಡಿಯ ಆ ಡಬ್ಬಿಯೊಳಗೆ
ಸಂಪಿಗೆ ರಸ್ತೆಯ ಒಂದು ಹಾರ್ನೂ ಬರಲಿಲ್ಲ.

ತೋರುಬೆರಳು ಗುಂಡಿಯ ಮೇಲೆ ಕೂತಿತು.
ಹಾಗೆ ಕೂರುವುದು ಅದಕ್ಕೆ ಹೊಸತಲ್ಲ.
ಮೂವತ್ತು ವರ್ಷ ಪಿಸ್ತೂಲಿನ ಕುದುರೆಯ ಮೇಲೆ ಕೂತಿದೆ,
ಉಸಿರು ಅರ್ಧ ಬಿಟ್ಟು, ಅರ್ಧ ಹಿಡಿದು.
ಆಗ ಬೆರಳು ಮೊದಲು, ಸದ್ದು ಆಮೇಲೆ.
ಇಲ್ಲಿ ಸದ್ದು ಬರಬೇಕು, ಬೆರಳು ಕಾಯಬೇಕು.
ಕಾಯಿತು.
ಗಾಜಿನಾಚೆ ಹುಡುಗಿಯ ಕೈ ತಿರುಗಣಿ ತಿರುಗಿಸಿತು,
ಮತ್ತಷ್ಟು ತಿರುಗಿಸಿತು.
ಏನೂ ಇಲ್ಲ.
ಇಲ್ಲವೆಂದರೆ, ನನ್ನದೊಂದು ಇತ್ತು:
ಯಾರೂ ಆರಿಸದ ಟ್ಯೂಬ್‌ಲೈಟಿನ ಕೀ ಸದ್ದು,
ಹಗಲೂ ಅದೇ, ರಾತ್ರಿಯೂ ಅದೇ.
ಅದಕ್ಕೂ ಒತ್ತಲೇ ಎಂದು ಕೇಳಬೇಕೆನಿಸಿ ಸುಮ್ಮನಾದೆ.

ರಾಜಾಜಿನಗರದ ಕೈಗಾರಿಕಾ ವಸಾಹತಿನಲ್ಲಿ
ಪ್ಲಾಸ್ಟಿಕ್ ಬಕೆಟ್ಟಿನ ಗೋದಾಮಾಗಿದ್ದ ನೆಲಮಾಳಿಗೆ, ನಮ್ಮ ರೇಂಜು.
ಬಯಲಲ್ಲಿ ಹೊಡೆದ ಗುಂಡಿನ ಸದ್ದು ಎಲ್ಲಿಗೋ ಹೋಗುತ್ತದೆ,
ಅದಕ್ಕೂ ಒಂದು ಊರಿರುತ್ತದೆ.
ಕೋಣೆಯಲ್ಲಿ ಹೊಡೆದದ್ದನ್ನು
ಗೋಡೆ ಒಲ್ಲೆನ್ನುತ್ತದೆ, ತಾರಸಿ ಒಲ್ಲೆನ್ನುತ್ತದೆ,
ಕಾಂಕ್ರೀಟು ನೆಲ ಎತ್ತಿ ಬಿಸಾಕುತ್ತದೆ.
ಕದವಿಲ್ಲದ ಮನೆ ಅಲ್ಲಿ ಕಿವಿಯೊಂದೇ.

ಅಂದು ಕಲಿಯಲು ಬಂದವರು ಐವರು,
ಮೊಳೆಗೆ ತೂಗಿದ್ದ ಇಯರ್‌ಮಫ್ ನಾಲ್ಕು.
ನನ್ನದನ್ನು ಬಿಚ್ಚಿ ನಜೀಹಾಳಿಗೆ ತೊಡಿಸಿದೆ.
ತ್ಯಾಗವಲ್ಲ, ಗತ್ತು.
ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತಮ್ಮ, ಅಂದೆ,
ಎರಡು ಚೂರು ಹತ್ತಿ ತುರುಕಿಕೊಂಡೆ,
ಒಂದೇ ಸುತ್ತು ತಾನೆ.
ಒಂದು ಐದಾಯಿತು.
ಆಮೇಲೆ ಅವಳ ಬಾಯಿ ತೆರೆದದ್ದು ಕಂಡಿತು,
ಸರ್ ಎಂಬ ಮಾತು ಕಂಡಿತು,
ಬರಲಿಲ್ಲ.
ಮೂರನೇ ದಿನಕ್ಕೆ ಸರಿಹೋಯಿತು ಅಂದುಕೊಂಡೆ.
ಸರಿಹೋಗುವುದು ಬೇರೆ, ರೂಢಿಯಾಗುವುದು ಬೇರೆ.
ನಜೀಹಾಳ ಕಿವಿ ಚೆನ್ನಾಗಿದೆ.
ಅದಷ್ಟಾದರೂ ಲೆಕ್ಕಕ್ಕೆ ಬರಲಿ.

ಮನೆಯಲ್ಲಿ ಮೊದಲು ಕಳೆದದ್ದು ಸಕಾರ,
ಹಿಂದೆಯೇ ಶಕಾರ, ಚಕಾರ, ಒಂದರ ಬಾಲ ಹಿಡಿದು ಒಂದು.
ಜಲಜಾಕ್ಷಿ ಸಾರು ಎಂದರೆ
ಗಡಿಯಾರ ನೋಡಿ ಆರೂವರೆ ಅನ್ನುತ್ತಿದ್ದೆ.
ನಕ್ಕಳು, ನಾಲ್ಕಾರು ಸಲ.
ಹೋದ ಗುರುವಾರ ಅಡುಗೆಮನೆಯಿಂದ ಅಂದಳು,
ಎದುರುಮನೆ ವೆಂಕೋಬರಾಯರು ಸತ್ತರಂತೆ.
ನನಗೆ ಬಂದದ್ದು ಅತ್ತರಂತೆ.
ಅಳಲಿ ಬಿಡೇ, ಹಗುರಾಗುತ್ತಾರೆ, ಅಂದೆ.
ಸೌಟು ಹಿಡಿದೇ ಬಂದು ಬಾಗಿಲಲ್ಲಿ ನಿಂತವಳು
ಬಹಳ ಹೊತ್ತು ನನ್ನನ್ನು ನೋಡಿದಳು.
ಇಲ್ಲಿಗೆ ಎಳೆತಂದವಳೂ ಅವಳೇ.

ಹುಡುಗಿ ಹಾಳೆ ತಂದು ಮುಂದಿಟ್ಟಳು.
ಗೆರೆ ಸಮನಾಗಿ ನಡೆದು ಬಂದು
ನಾಲ್ಕು ಸಾವಿರದ ಹತ್ತಿರ ದಬಕ್ಕನೆ ಬಿದ್ದು
ಕುಂಟುತ್ತ ಎದ್ದಿತ್ತು.
ಗುಂಡಿ, ಅಂದೆ. ಮಾಗಡಿ ರಸ್ತೆಯದೇ ತಂದಿಟ್ಟಿದ್ದೀರಲ್ಲ.
ಅವಳು ನಗಲಿಲ್ಲ.
ಇದಕ್ಕೆ ಡಾಂಬರಿಲ್ಲ, ಸರ್. ಒಳಗಿನ ಎಳೆಗಳು
ಹಳೆಯ ಟೂತ್‌ಬ್ರಷ್ಷಿನ ಹಾಗೆ ಮಲಗಿಬಿಟ್ಟಿವೆ.
ಇನ್ನು ಏಳುವುದಿಲ್ಲ.
ಇದನ್ನು ಎರಡು ಸಲ ಹೇಳಬೇಕಾಯಿತು,
ಪಾಪ, ಎರಡನೇ ಸಲ ಬರೆದು ತೋರಿಸಿದಳು.

ಮಧ್ಯೆ ಒಮ್ಮೆ ಗುಂಡಿ ಒತ್ತಿದ್ದೆನಲ್ಲ, ಅದು?
ಆಗ ನಾನೇನೂ ಕೊಟ್ಟಿರಲಿಲ್ಲ, ಸರ್.

ಮೆಟ್ಟಿಲ ಬಳಿ ಜಲಜಾಕ್ಷಿ ಎದ್ದು ನಿಂತಳು.
ಹುಬ್ಬಿನಲ್ಲೇ ಕೇಳಿದಳು, ಏನಂತೆ.
ಕೆಳಗೆ ಬಸ್ಸುಗಳು, ಬಾಳೆಹಣ್ಣಿನ ಗಾಡಿ, ಸಂಜೆಯ ಗದ್ದಲ.
ಗುಂಡಿಯಂತೆ, ಅಂದೆ, ನನಗೇ ಕೇಳದಷ್ಟು ಮೆಲ್ಲಗೆ.
ಅವಳು ನನ್ನ ಅಂಗಿ ನೋಡಿದಳು,
ತಪ್ಪಿಹೋಗಿದ್ದ ಎರಡನೆಯ ಗುಂಡಿ ಹಾಕಿದಳು,
ಏನೋ ಅಂದಳು.
ಸಕಾರಗಳೇ ಹೆಚ್ಚಿದ್ದವು ಅದರಲ್ಲಿ,
ಹಲ್ಲು ಕೂಡಿದ್ದು ನೋಡಿ ತಿಳಿಯಿತು.