ಬಂದ ಉದ್ದೇಶ

ರಿಜಿಸ್ಟರಿನ ಆರನೇ ಕಾಲಮ್ಮು: ಬಂದ ಉದ್ದೇಶ.
ಮಹಾಂತೇಶ ನಿಧಾನಕ್ಕೆ ಬರೆದ: ವಿಶ್ರಾಂತಿ.
ಹೆಗಲಿಗೆ ಎರಡು ಚೀಲ, ಕಂಕುಳಲ್ಲಿ ಡೈಪರಿನ ಕಟ್ಟು.
ಎದೆಗಂಟಿದ ಶರಣುವಿಗೆ ಏಳು ತಿಂಗಳು.
ಎರಡೂವರೆಯ ಇಂಚರ ಆಗಲೇ
ಮೇಜಿನ ಗಂಟೆ ಬಾರಿಸುತ್ತಿದ್ದಾಳೆ.
'ಐದರ ಒಳಗಿನವರಿಗೆ ದುಡ್ಡಿಲ್ಲ' ಅಂದರು
ಲಾಡ್ಜಿನ ದೇಚಮ್ಮ, ಕನ್ನಡಕ ಏರಿಸಿ,
'ಅವರೇ ವಸೂಲಿ ಮಾಡ್ಕೊಳ್ತಾರೆ ಬಿಡಿ.'

ರೋಣದಿಂದ ಮಡಿಕೇರಿಗೆ
ಮೂರು ಬಸ್ಸು, ನಾಲ್ಕು ವಾಂತಿ.

ಇನ್ನೂರ ಮೂರರ ಬಾಗಿಲು ತೆರೆದಾಗ
ಎಲ್ಲರೂ ಹೊಗಳಿದ ಕಿಟಕಿಯನ್ನು ನಾನು ನೋಡಲಿಲ್ಲ.
ಪ್ಲಗ್ಗು ಎಷ್ಟು ಕೆಳಗಿದೆ ನೋಡಿದೆ,
ಮಂಚ ಎಷ್ಟು ಮೇಲಿದೆ ನೋಡಿದೆ,
ಗಾಜಿನ ಜಗ್ಗನ್ನು ಬೀರುವಿನ ನೆತ್ತಿಗೇರಿಸಿದೆ.

ಫೋನಿನಲ್ಲಿ ಒಂಬತ್ತು ಒತ್ತಿದರೆ ಕೆಳಗೆ ದೇಚಮ್ಮ.
ಇಂಚರ ಒಂಬತ್ತನ್ನೇ ಒತ್ತುತ್ತಾಳೆ.
'ಹಲೋ, ನೀರು ಕೊಡ್ರಿ.'
'ಹಲೋ, ನಾ ಇಂಚರ.'
'ಹಲೋ, ನಮ್ಮ ತಮ್ಮ ಕಕ್ಕ ಮಾಡ್ಯಾನ.'
ಐದನೇ ಸಲಕ್ಕೆ ವೈರು ಕಿತ್ತೆವು.
ಅವಳ ಮಾತಿಗೆ ಅದರಿಂದ ಏನೂ ಆಗಲಿಲ್ಲ.

ಸಂಜೆ ರಾಜಾಸೀಟಿನಲ್ಲಿ ಸೂರ್ಯ ಮುಳುಗುತ್ತಾನಂತೆ.
ಮುಳುಗಿರಬೇಕು.
ಅದೇ ಹೊತ್ತಿಗೆ ಶರಣು ನಿದ್ದೆಗೆ ಬಿದ್ದಿದ್ದ,
ನನ್ನ ಎಡತೋಳು ಅವನಡಿಯಲ್ಲಿತ್ತು.

ಎಂಟಕ್ಕೆ ದೀಪ ಆರಿಸಿದೆವು.
ಒಂದೇ ಕೋಣೆ. ಚೀಲದ ಜಿಪ್ಪು ಎಳೆದರೂ
ಯಾರಾದರೊಬ್ಬರು ಏಳುತ್ತಾರೆ.
ಕತ್ತಲಲ್ಲಿ ಕಳ್ಳರ ಹಾಗೆ ನಿಂತೆವು ಒಂದಿಷ್ಟು ಹೊತ್ತು,
ಆಮೇಲೆ ಊಟದ ಕ್ಯಾರಿಯರ್ ಹಿಡಿದು
ಬಚ್ಚಲು ಸೇರಿ ಚಿಲಕ ಹಾಕಿಕೊಂಡೆವು.

ನಾನು ಕಮೋಡಿನ ಮುಚ್ಚಳದ ಮೇಲೆ,
ಅವನು ಬೋರಲು ಹಾಕಿದ ನೀಲಿ ಬಕೆಟ್ಟಿನ ಮೇಲೆ,
ನಡುವೆ ಸ್ಟೂಲಿನಲ್ಲಿ ಕಡಂಬುಟ್ಟು, ತಣ್ಣಗಾದ ಕಳಲೆ ಸಾರು.
'ಇಡ್ಲಿ ಗುಂಡಗ ಮಾಡ್ಯಾರಲಾ' ಅಂದ.
'ಸುಮ್ಮನ ತಿನ್ನು' ಅಂದೆ.
ವೆಂಟಿಲೇಟರಿನ ಗಾಜುಪಟ್ಟಿಗಳ ಸಂದಿಯಿಂದ
ಮಂಜು ಒಳಬಂದು
ನಾಲ್ಕು ಬ್ರಷ್ಷುಗಳ ಮೇಲೆ ಕೂತಿತು
(ನಾಲ್ಕನೆಯದು ಶರಣುವಿನದು, ಹಲ್ಲಿಲ್ಲ, ಹಟ ಇದೆ).
'ರಾಜಾಸೀಟ್ ಇದ ನೋಡು'
ಬಕೆಟ್ಟು ತಟ್ಟಿದ ಅವನು.
ನಗು ಬಾಗಿಲಾಚೆ ಹೋಗದಂತೆ
ಸೆರಗು ಕಚ್ಚಿಕೊಂಡೆ.

ಆಮೇಲೆ, ಬೆರಳು ನೆಕ್ಕುತ್ತ, ಕೇಳಿದ:
'ನೀ ಹೆಂಗದೀ?'

ಏಳು ತಿಂಗಳಲ್ಲಿ ಡಾಕ್ಟರು ಕೇಳಿದ್ದರು, ಹೊಲಿಗೆಯ ಬಗ್ಗೆ.
ಅತ್ತೆ ಕೇಳಿದ್ದರು, ಹಾಲಿನ ಬಗ್ಗೆ.
ಫ್ಯಾನು ಗರಗರ ತಿರುಗುತ್ತಿತ್ತು,
ಅದಕ್ಕೇ ಏನೋ ತಡವಾಯಿತು ನನ್ನ ಉತ್ತರ.
ಕೊನೆಗೆ ಅಂದದ್ದು ಇಷ್ಟೇ:
'ಇನ್ನೊಂದು ಕಡಂಬುಟ್ಟು ಐತೇನು?'
ಅವನು ತನ್ನದನ್ನೇ ಕೊಟ್ಟ.

ಮೂರು ಗಂಟೆಗೆ ಶರಣು ಇಡೀ ಲಾಡ್ಜನ್ನು ಎಬ್ಬಿಸಿದ.
ಗೋಡೆಯಾಚೆಯಿಂದ ಯಾರೋ ಟಕಟಕ ಕುಟ್ಟಿದರು.
ಅವನನ್ನೆತ್ತಿಕೊಂಡು ಪಡಸಾಲೆಗೆ ಬಂದೆ,
ಸಾವಿರ ಸಲ ಕ್ಷಮೆ ಕೇಳುವ ಮುಖ ತಯಾರು ಮಾಡಿಕೊಂಡು.
ಸ್ವೆಟರಿನಲ್ಲಿ ಮೆಟ್ಟಿಲು ಹತ್ತಿ ಬಂದರು ದೇಚಮ್ಮ.
ಬೈಯಲಿಲ್ಲ, ಮುದ್ದಾಡಲೂ ಇಲ್ಲ.
'ಕುಞ್ಞಿಗೆ ಸದ್ದು ಬೇಕು' ಅಂದರು,
'ನನ್ನ ಮಗಳಿಗೆ ಸ್ಕೂಟರ್ ಚಾಲೂ ಮಾಡಿ ನಿಲ್ಲಿಸ್ತಿದ್ದೆ ಅಂಗಳದಲ್ಲಿ,
ಪೆಟ್ರೋಲೆಲ್ಲ ಅವಳ ನಿದ್ದೆಗೇ ಹೋಯ್ತು.'
ಕೆಳಗಿಳಿದು ನೀರಿನ ಮೋಟಾರು ಹಾಕಿದರು.
ಆ ಗೊರಗೊರಕ್ಕೆ
ಶರಣುವಿನ ಮುಷ್ಟಿ ಒಂದೊಂದೇ ಬೆರಳಾಗಿ ಬಿಚ್ಚಿತು.
ಟ್ಯಾಂಕು ತುಂಬಿ, ಉಕ್ಕಿ,
ತಾರಸಿಯಿಂದ ಧಾರೆ ಸುರಿಯತೊಡಗಿದರೂ
ಬಹಳ ಹೊತ್ತು ಯಾರೂ ಮೋಟಾರು ಆರಿಸಲಿಲ್ಲ.

ಬೆಳಿಗ್ಗೆ ಕಿಟಕಿಯಲ್ಲಿ ಬರೀ ಬಿಳುಪು.
ಮೂಗು ಒತ್ತಿ ನಿಂತ ಇಂಚರ
ನಮಗೆ ಸುದ್ದಿ ಹೇಳಿದಳು:
'ಅವ್ವಾ, ಊರು ಬಂದ್ ಮಾಡ್ಯಾರ.'

ಬಸ್ಸು ಕುಶಾಲನಗರ ದಾಟಿದ ಮೇಲೆ
ಅವಳ ಮುಷ್ಟಿಯಲ್ಲೊಂದು ಕಂಡೆ:
ಲಾಡ್ಜಿನ ಪುಟ್ಟ ಸೋಪು, ಕಾಗದ ಬಿಚ್ಚದ್ದು.
ಕಿವಿಗೆ ಹಿಡಿದಿದ್ದಳು.
'ಹಲೋ, ನೀರು ಕೊಡ್ರಿ.'
ಆ ಕಡೆಯದನ್ನು ಗಂಭೀರವಾಗಿ ಕೇಳಿಸಿಕೊಂಡು
ನನ್ನ ಕಡೆ ತಿರುಗಿದಳು:
'ಕೊಡ್ತಾರಂತ.'